ಎಣ್ಣೆಗೆಂಪು ಬಾಟಲಿಯಲ್ಲಿ ಸಿಗುವುದಿಲ್ಲ: ಪುಟ್ಟ ಮೂರ್ತಿಗಳಿಗೆ ಬಣ್ಣ ಬೆರೆಸುವ, ಹಚ್ಚುವ ಬಗೆ

ಶಾಲೆಯ ಕ್ರೇಯಾನ್ ಡಬ್ಬಿಯಲ್ಲಿ ನಸುಗುಲಾಬಿ ಬಣ್ಣದ್ದೊಂದು ಕಡ್ಡಿ ಇರುತ್ತಿತ್ತು, ನೆನಪಿದೆಯಾ? "ಸ್ಕಿನ್ ಕಲರ್ ಸ್ವಲ್ಪ ಕೊಡೇ" ಅಂತ ಪಕ್ಕದವಳ ಹತ್ತಿರ ಇಸ್ಕೊಂಡು, ಅಮ್ಮನ ಮುಖಕ್ಕೂ ಅಜ್ಜನ ಮುಖಕ್ಕೂ ಅದನ್ನೇ ಬಳಿಯುತ್ತಿದ್ದೆವು. ಇಡೀ ತರಗತಿಯಲ್ಲಿ ಒಬ್ಬರ ಮೈಬಣ್ಣವೂ ಹಾಗಿರಲಿಲ್ಲ. ದೊಡ್ಡವನಾದ ಮೇಲೆ ಪುಟ್ಟ ಮೂರ್ತಿಗಳಿಗೆ ಬಣ್ಣ ಹಚ್ಚುವ ಹವ್ಯಾಸ ಹಿಡಿಯಿತು. ಆಗ ಅದೇ ಬಣ್ಣ ಮತ್ತೆ ಎದುರಾಯಿತು. ಈ ಸಲ 'ಫ್ಲೆಶ್' ಅನ್ನುವ ಹೆಸರಿನ ಸಣ್ಣ ಬಾಟಲಿಯಲ್ಲಿ.

ನಮ್ಮ ಭಾಷೆಯಲ್ಲಿ ಮೈಬಣ್ಣಕ್ಕೆ ಎಷ್ಟು ಒಳ್ಳೆಯ ಮಾತುಗಳಿವೆ ನೋಡಿ. ಗೋಧಿಬಣ್ಣ. ನಸುಗಪ್ಪು. ಎಣ್ಣೆಗೆಂಪು. ಈ ಕೊನೆಯದನ್ನು ಸ್ವಲ್ಪ ಬಿಡಿಸಿ ನೋಡಿದರೆ ಬಣ್ಣ ಬೆರೆಸುವ ಪಾಠವೇ ಅದರಲ್ಲಿದೆ. ಕಂದು ಚರ್ಮದ ಒಳಗೆ ಕೆಂಪು ಇದೆ, ಮೇಲೆ ಎಣ್ಣೆ ಸವರಿದಂಥ ಹೊಳಪಿದೆ. ಆ ಕೆಂಪನ್ನು ಮೊದಲು ಹೇಗೆ ತರುವುದು, ಆ ಎಣ್ಣೆಯನ್ನು ಕೊನೆಗೆ ಹೇಗೆ ತರುವುದು ಅನ್ನುವುದೇ ಈ ಬರಹ. ನಡುವೆ ಖಾಕಿ, ಚರ್ಮದ ಪಟ್ಟಿ, ಬಿಳಿ ಬಟ್ಟೆ ಎಲ್ಲ ಬರುತ್ತವೆ.

ಯಾವ ಮೂರ್ತಿ, ಎಷ್ಟು ದೊಡ್ಡದು

ಸುಮ್ನೆ ಮಾತಾಡುವ ಬದಲು ಒಂದು ಮೂರ್ತಿಯನ್ನು ಮುಂದಿಟ್ಟುಕೊಳ್ಳೋಣ. ನನ್ನ ಮೇಜಿನ ಮೇಲಿರುವುದು ಪೇಟ ಸುತ್ತಿದ, ಖಾಕಿ ತೊಟ್ಟ ಒಬ್ಬ ಭಾರತೀಯ ಸವಾರ. ಮೊದಲ ಮಹಾಯುದ್ಧದ ಕಾಲದವನು. ಅವನನ್ನು ಮೈಸೂರು ಲ್ಯಾನ್ಸರ್ಸ್ ಸೈನಿಕ ಅಂದುಕೊಂಡು ಬಣ್ಣ ಹಚ್ಚಿದ್ದೇನೆ. 1918ರ ಸೆಪ್ಟೆಂಬರ್ 23ರಂದು ಆಗಿನ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರಿನವರೂ ಇದ್ದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ನೆನಪಿಗೆ ನಿಂತವರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಈ ಸೈನಿಕನನ್ನು ಗುಲಾಬಿ ಮುಖದಲ್ಲಿ ನೋಡಲು ನನಗೆ ಮನಸ್ಸಾಗಲಿಲ್ಲ.

ನಿಮ್ಮ ಮುಂದಿರುವುದು ಬೇರೆ ಏನಾದರೂ ಆಗಿರಬಹುದು. ದಸರಾ ಗೊಂಬೆ ಕೂರಿಸುವಾಗ ಇಡುವ ಸಂತೆಯ ಪುಟ್ಟ ಜನ, ಮಾದರಿ ರೈಲಿನ ಪ್ರಯಾಣಿಕರು, ಆಟದ ಯೋಧರು. ಕೆಲಸ ಒಂದೇ. ಅಳತೆ ಮಾತ್ರ ತಿಳಿದಿರಲಿ. 1/72 ಅಳತೆಯಲ್ಲಿ, ಅಂದರೆ ನಿಜದ ಎಪ್ಪತ್ತೆರಡನೇ ಒಂದು ಪಾಲಿನಲ್ಲಿ, ಸಾಮಾನ್ಯ ಎತ್ತರದ ಮನುಷ್ಯ ಸುಮಾರು 24 ಮಿ.ಮೀ. ಇರುತ್ತಾನೆ. 1/35ರಲ್ಲಿ ಸುಮಾರು 50 ಮಿ.ಮೀ. ನನ್ನ ಸವಾರ 54 ಮಿ.ಮೀ., ಅಂದರೆ ಹೆಚ್ಚುಕಡಿಮೆ 1/32. ಮೊದಲ ಸಲ ಮಾಡುವವರು ಇದಕ್ಕಿಂತ ಚಿಕ್ಕದಕ್ಕೆ ಕೈಹಾಕಬೇಡಿ. ಮುಖದ ಮೇಲೆ ಬ್ರಷ್ ಓಡಾಡುವಷ್ಟು ಜಾಗ ಇರಬೇಕು.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದು ತುಂಬಾ ಕೆಲಸಕ್ಕೆ ಬರುತ್ತದೆ. 1/32ರ ಮೂರ್ತಿಯನ್ನು 30 ಸೆಂ.ಮೀ. ದೂರದಿಂದ ನೋಡಿದರೆ, ನಿಜವಾದ ಮನುಷ್ಯನನ್ನು ಸುಮಾರು 10 ಮೀಟರ್ ದೂರದಿಂದ ನೋಡಿದ ಹಾಗೆ. ಹತ್ತು ಮೀಟರ್ ದೂರದಲ್ಲಿ ನಿಂತವರ ರೆಪ್ಪೆಯ ಕೂದಲು ಕಾಣುತ್ತದಾ? ಇಲ್ಲ. ಹುಬ್ಬಿನ ಕೆಳಗಿನ ನೆರಳು ಕಾಣುತ್ತದೆ. ಅಂಗಿಯ ಗುಂಡಿಯ ತೂತು ಕಾಣುವುದಿಲ್ಲ, ಅಂಗಿಯ ಮಡಿಕೆ ಕಾಣುತ್ತದೆ. ಏನು ಬಿಡಿಸಬೇಕು, ಏನು ಬಿಡಬೇಕು ಅನ್ನುವ ಗೊಂದಲ ಬಂದಾಗಲೆಲ್ಲ ಈ ಹತ್ತು ಮೀಟರ್ ನೆನಪಿಸಿಕೊಳ್ಳಿ.

ಮೇಜಿನ ಮೇಲೆ

ಬಣ್ಣ: ನೀರಲ್ಲಿ ಬೆರೆಯುವ ಅಕ್ರಿಲಿಕ್. ವಯೆಹೊ, ಸಿಟಾಡೆಲ್‌ನಂಥ ಹೊರದೇಶದ ಮಾಡೆಲ್ ಬಣ್ಣಗಳು ಚೆನ್ನಾಗಿವೆ, ಆದರೆ ಒಂದೊಂದು ಶೇಡ್‌ಗೂ ಒಂದೊಂದು ಬಾಟಲಿ ಕೊಳ್ಳುತ್ತಾ ಹೋದರೆ ದುಡ್ಡು ಸಾಲದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮಲ್ ಅಕ್ರಿಲಿಕ್ ಟ್ಯೂಬ್‌ಗಳಲ್ಲಿ ಆರು ತಗೊಳ್ಳಿ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ. ಇಷ್ಟರಲ್ಲೇ ಈ ಬರಹದ ಹೆಚ್ಚುಕಡಿಮೆ ಎಲ್ಲ ಬಣ್ಣವೂ ಬರುತ್ತದೆ. ಲೋಹಕ್ಕೆ ಬೇಕಾದರೆ ಬೆಳ್ಳಿ, ಚಿನ್ನದ ಬಣ್ಣದ ಚಿಕ್ಕ ಬಾಟಲಿಗಳು. ಕಪ್ಪು ಟ್ಯೂಬ್ ಕೊಳ್ಳಲೇಬೇಡಿ ಅಂತ ನಾನು ಹೇಳುವುದು. ಕೈಗೆ ಸಿಗುವ ಹಾಗಿದ್ದರೆ ಅದನ್ನೇ ಎಲ್ಲದಕ್ಕೂ ಬೆರೆಸುತ್ತೇವೆ.

ಓಕರ್, ಸಿಯೆನ್ನಾ, ಅಂಬರ್ ಅನ್ನುವ ಹೆಸರು ಕೇಳಿ ಗಾಬರಿಯಾಗಬೇಡಿ. ಮೂಲದಲ್ಲಿ ಇವು ಮೂರೂ ಮಣ್ಣುಗಳೇ. ಹಳ್ಳಿ ಮನೆಯ ಗೋಡೆಗೆ ಬಳಿಯುವ ಜಾಜು, ಕೆಮ್ಮಣ್ಣಿನ ನೆಂಟರು. ಮನುಷ್ಯನ ಚರ್ಮಕ್ಕೂ ಖಾಕಿಗೂ ಚರ್ಮದ ಪಟ್ಟಿಗೂ ಮಣ್ಣಿನ ಬಣ್ಣಗಳೇ ಸರಿಹೊಂದುವುದು.

ಬ್ರಷ್ ಎರಡು ಸಾಕು. 2ನೇ ನಂಬರಿನ ದುಂಡನೆಯದು, 0 ನಂಬರಿನದು ಒಂದು. ಸಣ್ಣ ಕೆಲಸಕ್ಕೆ 000 ಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅದರಲ್ಲಿ ಬಣ್ಣವೇ ನಿಲ್ಲುವುದಿಲ್ಲ, ಮುಖದ ಹತ್ತಿರ ಒಯ್ಯುವಷ್ಟರಲ್ಲಿ ತುದಿ ಒಣಗಿರುತ್ತದೆ. ಬ್ರಷ್ ದಪ್ಪ ಇದ್ದರೂ ತುದಿ ಸೂಜಿಯಂತೆ ಕೂಡಿಕೊಳ್ಳುತ್ತಿದ್ದರೆ ಸಾಕು. ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಏರಲು ಬಿಡಬೇಡಿ. ಲೋಹದ ಕತ್ತಿನೊಳಗೆ ಬಣ್ಣ ಒಣಗಿದರೆ ತುದಿ ಕವಲೊಡೆಯುತ್ತದೆ. ತುದಿ ಚೂಪು ಮಾಡಲು ಬಾಯಿಗೆ ಇಟ್ಟುಕೊಳ್ಳುವ ಅಭ್ಯಾಸ ಬೇಡ.

ಇನ್ನು ಒದ್ದೆ ಪ್ಯಾಲೆಟ್. ನಮ್ಮ ಬೇಸಿಗೆಯಲ್ಲಿ, ಫ್ಯಾನ್ ಕೆಳಗೆ, ತಟ್ಟೆಯ ಮೇಲಿನ ಅಕ್ರಿಲಿಕ್ ಐದು ನಿಮಿಷದಲ್ಲಿ ಒಣಗುತ್ತದೆ. ಮುಚ್ಚಳ ಇರುವ ಚಪ್ಪಟೆ ಡಬ್ಬಿ ತಗೊಳ್ಳಿ. ತಳಕ್ಕೆ ಒದ್ದೆ ಸ್ಪಾಂಜ್ ಅಥವಾ ಮಡಿಸಿದ ಟಿಶ್ಯೂ ಹಾಕಿ. ಅದರ ಮೇಲೆ ಕೇಕ್ ಬೇಯಿಸುವಾಗ ತಟ್ಟೆಗೆ ಹಾಸುವ ಬೇಕಿಂಗ್ ಪೇಪರ್ ಹರಡಿ. ಬೆರೆಸಿದ ಬಣ್ಣ ಮಾರನೇ ದಿನವೂ ಹಸಿಯಾಗಿರುತ್ತದೆ. ಬಣ್ಣ ಬೆರೆಸಿ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು. ಒಮ್ಮೆ ಮುಗಿದುಹೋದ ಮಿಶ್ರಣವನ್ನು ಅದೇ ಥರ ಮತ್ತೆ ತರುವುದು ಕಷ್ಟ.

ಬೆಳಕು ಬಿಳಿಯಾಗಿರಲಿ. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಬಣ್ಣವನ್ನು ಬೆಳಿಗ್ಗೆ ನೋಡಿದರೆ ಬೇರೆಯೇ ಆಗಿರುತ್ತದೆ. ಕಿಟಕಿ ಪಕ್ಕದ ಹಗಲು ಬೆಳಕಿಗಿಂತ ಒಳ್ಳೆಯದು ಯಾವುದೂ ಇಲ್ಲ.

ತೊಳೆದು, ಕೆರೆದು, ತಳ ಕೊಡುವುದು

ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಮೂರ್ತಿಯ ಮೇಲೆ ಉಳಿದಿರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್. ಚೆನ್ನಾಗಿ ತೊಳೆದು ಒಣಗಿಸಿ. ಅಚ್ಚಿನ ಎರಡು ಭಾಗ ಕೂಡಿದ ಕಡೆ ತೆಳ್ಳನೆಯ ಗೆರೆ ಎದ್ದಿರುತ್ತದೆ, ಅದನ್ನು ಚಾಕುವಿನ ಬೆನ್ನಿನಿಂದ ಮೆಲ್ಲಗೆ ಕೆರೆಯಿರಿ. ಮೂರ್ತಿ ರೆಸಿನ್‌ದಾದರೆ ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮೂರ್ತಿಯನ್ನು ಕೈಯಲ್ಲಿ ಹಿಡಿಯಬೇಡಿ. ಕಾಲಡಿಗೆ ಸಣ್ಣ ತೂತು ಕೊರೆದು ಗುಂಡುಪಿನ್ ಸಿಕ್ಕಿಸಿ, ಅದನ್ನು ಖಾಲಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಇನ್ನು ಮುಗಿಯುವವರೆಗೆ ಡಬ್ಬಿಯನ್ನು ಹಿಡಿದೇ ಕೆಲಸ.

ಆಮೇಲೆ ಪ್ರೈಮರ್. ಪ್ರೈಮರ್ ಇಲ್ಲದೆ ಅಕ್ರಿಲಿಕ್ ಹಿಡಿಯುವುದಿಲ್ಲ, ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರೂ ಮೊದಲು ಬಿಳಿ ತಳ ಕೊಟ್ಟೇ ಮೇಲೆ ಬಣ್ಣ ಹಚ್ಚುತ್ತಾರೆ. ತಳ ಗಟ್ಟಿಯಿಲ್ಲದೆ ಬಣ್ಣ ನಿಲ್ಲದು ಅನ್ನುವುದು ಅವರಿಗೆ ತಲೆಮಾರುಗಳಿಂದ ಗೊತ್ತು.

ನಾನು ಮಾಡುವುದು ಹೀಗೆ. ಸ್ಪ್ರೇ ಪ್ರೈಮರನ್ನು ಬಯಲಲ್ಲಿ ಅಥವಾ ಮಹಡಿಯ ಮೇಲೆ, ಮಾಸ್ಕ್ ಹಾಕಿಕೊಂಡು, ಒಂದಡಿ ದೂರದಿಂದ ಬೀಸಿಬೀಸಿ ಹೊಡೆಯುತ್ತೇನೆ. ಮೊದಲು ಸುತ್ತಲೂ ಕಪ್ಪು. ಒಣಗಿದ ಮೇಲೆ ತಲೆಯ ಮೇಲಿನಿಂದ ಮಾತ್ರ ಬಿಳಿ, ಮಧ್ಯಾಹ್ನದ ಬಿಸಿಲು ಬಿದ್ದ ಹಾಗೆ. ಈಗ ಮೂರ್ತಿಯನ್ನು ನೋಡಿ. ಪೇಟದ ಮೇಲ್ಭಾಗ, ಹಣೆ, ಮೂಗು, ಭುಜ ಬೆಳ್ಳಗಿದೆ. ಗಲ್ಲದ ಕೆಳಗೆ, ಕಂಕುಳಲ್ಲಿ, ಪಟ್ಟಿಯ ಅಡಿ ಕಪ್ಪಗಿದೆ. ಎಲ್ಲಿ ಬೆಳಕು, ಎಲ್ಲಿ ನೆರಳು ಅನ್ನುವ ನಕ್ಷೆ ಸಿಕ್ಕಿಬಿಟ್ಟಿತು. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ಮುಚ್ಚುತ್ತಾ ಹೋದಂತೆ ಇದು ಮರೆಯಾಗುತ್ತದೆ, ಆಗ ಈ ಫೋಟೋವೇ ದಾರಿ ತೋರಿಸುತ್ತದೆ.

ನೆರಳನ್ನು ನಾವೇ ಯಾಕೆ ಬಿಡಿಸಬೇಕು, ತಾನಾಗೇ ಬೀಳುವುದಿಲ್ಲವಾ ಅಂತ ಕೇಳಬಹುದು. ಮೂರ್ತಿ ಚಿಕ್ಕದಾಯಿತು, ಬೆಳಕು ಚಿಕ್ಕದಾಗಲಿಲ್ಲ. ಅರ್ಧ ಮಿ.ಮೀ. ಆಳದ ಮಡಿಕೆಯೊಳಗೆ ಕೋಣೆಯ ಬೆಳಕು ಸಲೀಸಾಗಿ ನುಗ್ಗುತ್ತದೆ. ಹಾಗಾಗಿ ನಿಜವಾದ ಅಂಗಿಯ ಮೇಲೆ ಬೀಳುವಷ್ಟು ಗಾಢ ನೆರಳು ಅಲ್ಲಿ ಬೀಳುವುದೇ ಇಲ್ಲ.

ಹದ

ಟ್ಯೂಬಿನಿಂದ ಬಂದ ಬಣ್ಣವನ್ನು ಹಾಗೇ ಹಚ್ಚಬೇಡಿ. ಮೂಗು ಬಾಯಿ ಎಲ್ಲ ಮುಚ್ಚಿಹೋಗುತ್ತದೆ. ನೀರು ಸೇರಿಸಿ ಹಾಲಿನ ಹದಕ್ಕೆ ತನ್ನಿ. ಒಂದು ಸಲ ಹಚ್ಚಿದರೆ ಕೆಳಗಿನದು ಇಣುಕುತ್ತಿರಬೇಕು, ಎರಡು ಮೂರು ಸಲಕ್ಕೆ ಮುಚ್ಚಬೇಕು. ನೆರಳಿಗೆ ಬಳಸುವ ಬಣ್ಣ ಇನ್ನೂ ತೆಳು, ನೀರು ಮಜ್ಜಿಗೆಯ ಹಾಗೆ. ಪ್ರತಿ ಸಲವೂ ಬ್ರಷ್‌ನಲ್ಲಿರುವ ಹೆಚ್ಚಿನ ಬಣ್ಣವನ್ನು ಟಿಶ್ಯೂಗೆ ಒಮ್ಮೆ ತಾಗಿಸಿಯೇ ಮೂರ್ತಿಯ ಹತ್ತಿರ ಒಯ್ಯಿರಿ. ಹೊಸಬರ ಮೂರ್ತಿಗಳು ಹಾಳಾಗುವುದು ಬಣ್ಣ ತಪ್ಪಾಗಿದ್ದಕ್ಕಲ್ಲ. ಈ ಒಂದು ತಾಗಿಸುವುದನ್ನು ಮರೆಯುವುದಕ್ಕೆ.

ಪದರಗಳ ನಡುವೆ ಹತ್ತು ನಿಮಿಷ ಬಿಡಿ. ಅರೆ ಒಣಗಿದ್ದರ ಮೇಲೆ ಬ್ರಷ್ ಎಳೆದರೆ ಕೆಳಗಿನದೂ ಕಿತ್ತು ಬರುತ್ತದೆ.

ಮೈಬಣ್ಣ

ಅಡುಗೆಮನೆಯ ಅಳತೆಯಲ್ಲೇ ಹೇಳುತ್ತೇನೆ. ಗೋಧಿಕಾಳಿನಷ್ಟು ದಪ್ಪದ ಬರ್ನ್ಟ್ ಸಿಯೆನ್ನಾ ಮೂರು. ಅಷ್ಟೇ ದಪ್ಪದ ಯೆಲ್ಲೋ ಓಕರ್ ಎರಡು. ಬಿಳಿ ಒಂದು. ಅಲ್ಟ್ರಾಮರೀನ್ ನೀಲಿ ಮಾತ್ರ ಸಾಸಿವೆಕಾಳಿನಷ್ಟು. ಚೆನ್ನಾಗಿ ಕಲಸಿ.

ನೀಲಿ ಯಾಕೆ ಅಂತ ಆಶ್ಚರ್ಯ ಆಗಬಹುದು. ಅದನ್ನು ಹಾಕುವ ಮೊದಲು ಮಿಶ್ರಣವನ್ನು ಒಮ್ಮೆ ನೋಡಿ: ಹೊಸ ಹೂಕುಂಡದ ಬಣ್ಣ, ಇಟ್ಟಿಗೆಯ ಕೆಂಪು. ಸಿಯೆನ್ನಾದಲ್ಲಿರುವ ಕಿತ್ತಳೆಗೆ ನೀಲಿ ಎದುರಾಳಿ. ಸ್ವಲ್ಪವೇ ಬಿದ್ದರೂ ಆ ಕಿತ್ತಳೆಯ ಕೂಗು ತಗ್ಗಿ, ಬಣ್ಣ ಚರ್ಮದ ಕಡೆ ತಿರುಗುತ್ತದೆ. ಬ್ರಷ್ ತುದಿಯಲ್ಲಿ ಸ್ವಲ್ಪ ಸ್ವಲ್ಪ ತಗೊಂಡೇ ಸೇರಿಸಿ. ಜಾಸ್ತಿಯಾದರೆ ಸಿಮೆಂಟಿನ ಬಣ್ಣಕ್ಕೆ ಹೋಗುತ್ತದೆ.

ಸರಿಯಾಯಿತಾ ಇಲ್ಲವಾ ತಿಳಿಯುವುದು ಹೇಗೆ? ನಿಮ್ಮ ಮುಂಗೈ ಮೇಲೆ ಒಂದು ಚುಕ್ಕೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಣಗಲು ಬಿಡಿ, ಯಾಕೆಂದರೆ ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಚುಕ್ಕೆ ಚರ್ಮದಲ್ಲಿ ಕರಗಿದಂತೆ ಕಂಡರೆ ಮಿಶ್ರಣ ಗೆದ್ದಿತು. ಎದ್ದು ಕಂಡರೆ, ಯಾವ ಕಡೆ ಎದ್ದು ಕಾಣುತ್ತಿದೆ ನೋಡಿ. ಕೆಂಪಾಗಿದ್ದರೆ ಓಕರ್, ಹಳದಿಯಾಗಿದ್ದರೆ ಸಿಯೆನ್ನಾ, ಬಣ್ಣ ಕೂಗುತ್ತಿದ್ದರೆ ನೀಲಿಯ ಒಂದು ಸೋಂಕು.

ನಾನು ಈ ಪರೀಕ್ಷೆಯನ್ನು ಮನೆಯಲ್ಲಿ ಎಲ್ಲರ ಕೈ ಮೇಲೂ ಮಾಡಿದ್ದೇನೆ. ಒಂದು ಭಾನುವಾರ ಅಪ್ಪ ಪೇಪರ್ ಓದುತ್ತಾ ಕೂತಿದ್ದರು. "ಅಪ್ಪಾ, ಕೈ ಸ್ವಲ್ಪ ಕೊಡಿ" ಅಂದೆ. ಪೇಪರಿನಿಂದ ಕಣ್ಣು ತೆಗೆಯದೆ ಎಡಗೈ ಚಾಚಿದರು. ನನ್ನ ಕೈ ಮೇಲೆ ಕರಗಿಹೋಗಿದ್ದ ಚುಕ್ಕೆ ಅವರ ಮುಂಗೈ ಮೇಲೆ ಅರಿಶಿನದ ಬೊಟ್ಟಿನ ಹಾಗೆ ಎದ್ದು ಕಂಡಿತು. ಅವರಿಗೆ ಬರ್ನ್ಟ್ ಅಂಬರ್ ಬೇಕಾಯಿತು, ನೀಲಿಯೂ ಇನ್ನೊಂದು ಸಾಸಿವೆಯಷ್ಟು. ಅದೇ ಕೈಯನ್ನು ಮಗುಚಿ ಅಂಗೈ ನೋಡಿದರೆ ಅಂಬರ್ ಬೇಡವೇ ಬೇಡ, ಕ್ರಿಮ್ಸನ್ ಬೇಕು, ಬಿಳಿ ಬೇಕು. ತೋಳಿನ ಒಳಬದಿ ನನ್ನ ಕೈಯ ಬಣ್ಣವೇ. ಒಬ್ಬರ ಒಂದೇ ಕೈಯಲ್ಲಿ ಮೂರು ಮಿಶ್ರಣ! ಬಿಸಿಲಲ್ಲಿ ಕುದುರೆ ಮೇಲೆ ತಿಂಗಳುಗಟ್ಟಲೆ ಕಳೆದ ಸವಾರನಿಗೆ ನಾನು ಕೊನೆಗೆ ಹಚ್ಚಿದ್ದು ಅಪ್ಪನ ಮುಂಗೈಯ ಬಣ್ಣ. ಪೇಟದ ಅಂಚಿನ ಕೆಳಗೆ ಬಿಸಿಲು ತಾಗದ ಹಣೆಯ ಪಟ್ಟಿಗೆ ಸ್ವಲ್ಪ ತಿಳಿ ಮಾಡಿದ್ದೇನೆ.

ಕೈ ಮೇಲೆ ಸರಿಹೊಂದಿದ ಬಣ್ಣವನ್ನು ಮೂರ್ತಿಗೆ ಹಚ್ಚುವಾಗ ಒಂಚೂರು ತಿಳಿ ಮಾಡಿಕೊಳ್ಳಿ. ಒಂದೇ ಬಣ್ಣ ಚಿಕ್ಕ ವಸ್ತುವಿನ ಮೇಲೆ ಗಾಢವಾಗಿ ಕಾಣುತ್ತದೆ. ತಿಳಿ ಮಾಡಲು ಓಕರ್ ಮತ್ತು ಬಿಳಿ ಎರಡೂ ಸೇರಿಸಿ.

ಇದನ್ನು ಮುಖದ ತುಂಬ ಎರಡು ತೆಳು ಪದರ ಹಚ್ಚಿ. ಕಣ್ಣು ಬಿಡಿಸುವುದೂ ಈಗಲೇ, ಅದರ ಬಗೆ ಮುಂದೆ ಬೇರೆಯಾಗಿ ಹೇಳಿದ್ದೇನೆ. ಆಮೇಲೆ ನೆರಳು. ಮೂಲ ಮಿಶ್ರಣಕ್ಕೆ ಅಂಬರ್, ಅಲ್ಟ್ರಾಮರೀನ್, ಒಂದು ಸೋಂಕು ಕ್ರಿಮ್ಸನ್ ಸೇರಿಸಿ. ಕಪ್ಪು ಸೇರಿಸಿದರೆ ಮುಖಕ್ಕೆ ಮಸಿ ಮೆತ್ತಿದ ಹಾಗೆ ಆಗುತ್ತದೆ. ಕ್ರಿಮ್ಸನ್ ಇದ್ದರೆ ನೆರಳಿನೊಳಗೂ ರಕ್ತ ಓಡುತ್ತಿದೆ ಅನ್ನಿಸುತ್ತದೆ. ಕಣ್ಣಿನ ಗುಳಿ, ಮೂಗಿನ ಎರಡು ಬದಿ, ಕೆಳತುಟಿಯ ಅಡಿ, ಕೆನ್ನೆಯ ಮೂಳೆಯ ಕೆಳಗೆ, ಕತ್ತು. ತೆಳುವಾಗಿ ಹಚ್ಚಿ, ಅಂಚನ್ನು ಒದ್ದೆ ಬ್ರಷ್‌ನಿಂದ ಎಳೆದು ಮೂಲ ಬಣ್ಣದೊಳಗೆ ಸೇರಿಸಿ. ಒಂದೇ ಸಲಕ್ಕೆ ಆಗಬೇಕಿಲ್ಲ. ಮೂರು ಸಲ ಮಾಡಿ.

ಬೆಳಕಿನ ಜಾಗಗಳಲ್ಲೇ ಹೆಚ್ಚಿನವರು ಎಡವುವುದು. ಮೂಲ ಬಣ್ಣಕ್ಕೆ ಬಿಳಿ ಸುರಿದರೆ ಕಂದು ಚರ್ಮ ವಿಭೂತಿ ಬಳಿದಂತೆ ಬೂದುಬೂದಾಗುತ್ತದೆ. ಟೈಟಾನಿಯಂ ವೈಟ್ ಬಣ್ಣವನ್ನು ತಿಳಿ ಮಾಡುವುದಷ್ಟೇ ಅಲ್ಲ, ತಣ್ಣಗೂ ಮಾಡುತ್ತದೆ. ಹಾಗಾಗಿ ಮೊದಲ ಬೆಳಕಿಗೆ ಓಕರ್ ಮತ್ತು ಸ್ವಲ್ಪ ಸಿಯೆನ್ನಾ ಸೇರಿಸಿ. ಎರಡನೆಯದಕ್ಕೆ ಓಕರ್ ಜೊತೆ ಸ್ವಲ್ಪ ಬಿಳಿ. ಕೊನೆಯದು ಮೂಗಿನ ತುದಿ, ಕೆನ್ನೆಮೂಳೆಯ ಮೇಲೆ, ಹುಬ್ಬಿನ ಮೇಲೆ ಒಂದೊಂದು ಚುಕ್ಕೆ ಮಾತ್ರ.

ಇಲ್ಲಿಗೆ ಮುಖ ಚೆನ್ನಾಗಿರುತ್ತದೆ, ಆದರೂ ಮರದ ಮುಖ ಅನ್ನಿಸಬಹುದು. ಜೀವ ಬರುವುದು ಮುಂದಿನ ಮೂರು ತೆಳು ಪದರಗಳಲ್ಲಿ. ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ನೀರಾಗಿರಬೇಕು ಇವು. ಮೂಗು, ಕೆನ್ನೆ, ಕಿವಿಗೆ ಸಿಯೆನ್ನಾ-ಕ್ರಿಮ್ಸನ್. ಅಲ್ಲಿ ರಕ್ತನಾಳ ಜಾಸ್ತಿ. ಹಣೆಗೆ ಓಕರ್. ಗಡ್ಡ ಬೋಳಿಸಿದ ದವಡೆಗೆ, ಮೀಸೆಯ ಸುತ್ತ ಅಲ್ಟ್ರಾಮರೀನ್-ಅಂಬರ್. ಸಂಜೆ ಬಸ್ಸಿನಲ್ಲಿ ಎದುರು ಕೂತವರ ಮುಖ ನೋಡಿ. ಈ ಮೂರು ಪಟ್ಟಿಗಳು ಕಂದು ಮುಖದಲ್ಲೂ ಇವೆ. ಒಮ್ಮೆ ಕಂಡ ಮೇಲೆ ಎಲ್ಲರ ಮುಖದಲ್ಲೂ ಕಾಣುತ್ತವೆ.

ತುಟಿಗೆ ಮೂಲ ಬಣ್ಣ, ಕ್ರಿಮ್ಸನ್, ಒಂಚೂರು ನೀಲಿ. ಮೇಲ್ತುಟಿ ಯಾವಾಗಲೂ ಕೆಳತುಟಿಗಿಂತ ಗಾಢ.

ಕಣ್ಣು

54 ಮಿ.ಮೀ. ಮೂರ್ತಿಯಲ್ಲಿ ಕಣ್ಣಿನ ಅಗಲ ಒಂದು ಮಿ.ಮೀ. ಕೂಡ ಇರುವುದಿಲ್ಲ. ಅದಕ್ಕೇ ನಾನು ಮೂಲ ಬಣ್ಣ ಹಚ್ಚಿದ ಕೂಡಲೇ, ನೆರಳು-ಬೆಳಕಿಗೆ ಮುಂಚೆ, ಕಣ್ಣು ಮುಗಿಸಿಬಿಡುತ್ತೇನೆ. ತಪ್ಪಿದರೆ ಸುತ್ತಲಿನದನ್ನು ಮುಚ್ಚಿ ಮತ್ತೆ ಶುರು ಮಾಡಬಹುದು.

ಮೊದಲು ಇಡೀ ಕಣ್ಣಿಗೆ ಗಾಢ ಕಂದು. ಒಳಗೆ ಅಂಚು ಬಿಟ್ಟು ಬಿಳಿ, ಆದರೆ ಬರೀ ಬಿಳಿಯಲ್ಲ. ಮೈಬಣ್ಣದ ಒಂದು ಸೋಂಕು ಸೇರಿಸಿದ ಬಿಳಿ. ಅಪ್ಪಟ ಬಿಳಿ ಹಾಕಿದರೆ ಭೂತ ಕಂಡವರ ಹಾಗೆ ಕಾಣುತ್ತಾರೆ. ಕಣ್ಣಾಲಿಗೆ ಅಂಬರ್-ಅಲ್ಟ್ರಾಮರೀನ್ ಚುಕ್ಕೆ. ಅದು ಮೇಲಿನ ರೆಪ್ಪೆಗೆ ತಾಗಿರಬೇಕು, ನಡುವೆ ತೇಲಬಾರದು. ಎರಡೂ ಕಣ್ಣು ನೇರ ನೋಡುವಂತೆ ಮಾಡುವುದು ಕಷ್ಟ. ಸ್ವಲ್ಪ ಎಡಕ್ಕೋ ಬಲಕ್ಕೋ ನೋಡುವಂತೆ ಇಡಿ, ಸಲೀಸು. ಚುಕ್ಕೆ ಇಡುವಾಗ ಎರಡೂ ಮಣಿಕಟ್ಟು ಮೇಜಿಗೆ ಊರಿರಲಿ, ಕಿರುಬೆರಳುಗಳು ಒಂದಕ್ಕೊಂದು ತಾಗಿರಲಿ. ಕೈ ನಡುಗುವುದು ಅರ್ಧ ನಿಲ್ಲುತ್ತದೆ.

ಖಾಕಿ

ಖಾಕಿ ಅನ್ನುವ ಮಾತು ಬಂದಿದ್ದೇ ಪರ್ಶಿಯನ್ ಭಾಷೆಯ ಖಾಕ್‌ನಿಂದ. ಧೂಳು, ಮಣ್ಣು ಅಂತ ಅರ್ಥ. ಆದ್ದರಿಂದ ಮಣ್ಣಿನ ಬಣ್ಣಗಳಿಂದಲೇ ಮಾಡೋಣ. ಯೆಲ್ಲೋ ಓಕರ್ ನಾಲ್ಕು ಪಾಲು, ಬಿಳಿ ಎರಡು, ಅಂಬರ್ ಒಂದು, ನೀಲಿ ಒಂದು ಸೋಂಕು. ಈಗಿನ ಪೊಲೀಸ್ ಖಾಕಿಯನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ. ನೂರು ವರ್ಷದ ಹಿಂದಿನ ಹತ್ತಿಬಟ್ಟೆ, ಪ್ಯಾಲೆಸ್ಟೈನಿನ ಬಿಸಿಲು. ಒಗೆದು ಒಗೆದು ಮಾಸಿದ ಬಣ್ಣ.

ನೆರಳಿಗೆ ಕಪ್ಪು ಬೇಡ ಅಂತ ಇಲ್ಲಿ ಮತ್ತೊಮ್ಮೆ ಹೇಳಬೇಕು, ಯಾಕೆಂದರೆ ಇಲ್ಲಿ ಅದರ ಹಾನಿ ಕಣ್ಣಿಗೆ ರಾಚುತ್ತದೆ. ಹಳದಿಗೆ ಕಪ್ಪು ಸೇರಿಸಿ ನೋಡಿ, ಹಸಿರಾಗುತ್ತದೆ! ಟ್ಯೂಬಿನ ಕಪ್ಪಿನಲ್ಲಿ ನೀಲಿಯ ಗುಣ ಅಡಗಿದೆ. ಓಕರ್‌ಗೆ ಕಪ್ಪು ಬಿದ್ದರೆ ಖಾಕಿ ಹೋಗಿ ಆಲಿವ್ ಹಸಿರು ಬರುತ್ತದೆ, ಸವಾರ ಬೇರೆ ಯುದ್ಧಕ್ಕೆ ಸೇರಿದವನಾಗುತ್ತಾನೆ. ಅಂಬರ್‌ಗೆ ಸ್ವಲ್ಪ ನೀಲಿ ಸೇರಿಸಿ ನೆರಳು ಮಾಡಿ. ಬೇಕೆನಿಸಿದರೆ ಕ್ರಿಮ್ಸನ್ ಒಂದು ಸೋಂಕು.

ಅಂಗಿ, ಪೇಟ, ಪ್ಯಾಂಟ್ ಮೂರಕ್ಕೂ ಒಂದೇ ಖಾಕಿ ಹಚ್ಚಬೇಡಿ. ಬೇರೆಬೇರೆ ಬಟ್ಟೆ ಬೇರೆಬೇರೆಯಾಗಿ ಮಾಸುತ್ತದೆ. ನಾನು ಪೇಟಕ್ಕೆ ಬಿಳಿ ಜಾಸ್ತಿ ಹಾಕಿದೆ, ಬಿಸಿಲಿಗೆ ಮೊದಲು ಸಿಗುವುದು ಅದೇ. ಪ್ಯಾಂಟಿಗೆ ಸಿಯೆನ್ನಾ ಒಂಚೂರು. ದೂರದಿಂದ ಎಲ್ಲ ಖಾಕಿಯೇ, ಆದರೆ ಮೂರು ಬಟ್ಟೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಭುಜ, ಮೊಣಕೈ, ಮಂಡಿ ಇನ್ನೂ ತಿಳಿಯಾಗಿರಲಿ. ಪೇಟದ ಮಡಿಕೆಗಳ ನಡುವೆ 0 ಬ್ರಷ್‌ನಿಂದ ತೆಳು ಗೆರೆ ಎಳೆಯಿರಿ, ಪ್ರತಿ ಸುತ್ತಿನ ಮೇಲಂಚಿಗೆ ತಿಳಿ ಗೆರೆ. ತಾಳ್ಮೆಯ ಕೆಲಸ. ನನಗೆ ಒಂದು ಪೇಟಕ್ಕೆ ಎರಡು ಸಂಜೆ ಹಿಡಿಯಿತು.

ಚರ್ಮದ ಪಟ್ಟಿ, ಲೋಹ, ಕಪ್ಪು, ಬಿಳಿ

ಎದೆಗೆ ಅಡ್ಡವಾಗಿರುವ ಗುಂಡಿನ ಪಟ್ಟಿಗೆ ಸಿಯೆನ್ನಾ, ಅಂಬರ್ ಸಮಸಮ. ಅಂಚುಗಳಲ್ಲಿ ಓಕರ್ ಸೇರಿಸಿ ಸವೆದ ಹಾಗೆ ಮಾಡಿ. ಪಟ್ಟಿ ಮತ್ತು ಅಂಗಿ ಸೇರುವ ಕಡೆ ಕೂದಲೆಳೆಯ ಕಡುಕಂದು ಗೆರೆ ಎಳೆದರೆ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ.

ಹಿತ್ತಾಳೆ ಗುಂಡಿಗೆ ಚಿನ್ನದ ಬಣ್ಣ, ಮೇಲೆ ನೀರಾದ ಅಂಬರ್. ಉಕ್ಕಿಗೆ ಬೆಳ್ಳಿ ಬಣ್ಣ, ಮೇಲೆ ನೀರಾದ ಅಂಬರ್-ಅಲ್ಟ್ರಾಮರೀನ್. ಇದೇ ಅಂಬರ್-ಅಲ್ಟ್ರಾಮರೀನ್ ಮಿಶ್ರಣವನ್ನು ಗಟ್ಟಿಯಾಗಿ ಕಲಸಿದರೆ ಮೀಸೆ, ಕೂದಲಿನ ಕಪ್ಪು. ನೀಲಿ ಜಾಸ್ತಿಯಾದರೆ ಎಣ್ಣೆ ಹಚ್ಚಿ ಬಾಚಿದ ಕೂದಲು, ಅಂಬರ್ ಜಾಸ್ತಿಯಾದರೆ ಬಿಸಿಲಿಗೆ ಒಣಗಿದ ಕೂದಲು.

ಗೊಂಬೆ ಹಬ್ಬಕ್ಕೆ ಪಂಚೆ ಉಟ್ಟ ರೈತರನ್ನು ಮಾಡುವವರಿಗೆ ಒಂದು ಮಾತು. ಬಿಳಿ ಪಂಚೆಯನ್ನು ಬಿಳಿಯಿಂದ ಶುರು ಮಾಡಿದರೆ ಮೇಲೆ ಹೋಗಲು ಜಾಗವೇ ಉಳಿಯುವುದಿಲ್ಲ. ಬಿಳಿಗೆ ಓಕರ್, ನೀಲಿ ಒಂದೊಂದು ಸೋಂಕು ಹಾಕಿ ಹಳೇ ಸುಣ್ಣದ ಗೋಡೆಯ ಬಣ್ಣ ಮಾಡಿ, ಅದನ್ನು ತಳಕ್ಕೆ ಹಚ್ಚಿ. ಅಪ್ಪಟ ಬಿಳಿಯನ್ನು ಮಡಿಕೆಯ ತುದಿಗಳಿಗೆ ಮಾತ್ರ ಉಳಿಸಿಕೊಳ್ಳಿ.

ನೆಲ, ವಾರ್ನಿಷ್, ಮತ್ತೆ ಎಣ್ಣೆ

ಮೂರ್ತಿ ನಿಲ್ಲುವ ನೆಲದ ಬಣ್ಣ ಅವನ ಕಾಲಿಗೂ ಅಂಟಬೇಕು. ಮೈಸೂರಿನವರು ಹೈಫಾದಲ್ಲಿ ಹತ್ತಿದ್ದು ಕಾರ್ಮೆಲ್ ಬೆಟ್ಟ, ಸುಣ್ಣಕಲ್ಲಿನ ಬೆಟ್ಟ. ನಮ್ಮ ಕೆಂಪು ನೆಲ ಅಲ್ಲಿ ಹೊಂದುವುದಿಲ್ಲ. ಸೋಸಿದ ಮರಳನ್ನು ಫೆವಿಕಾಲ್‌ನಿಂದ ಅಂಟಿಸಿ, ಓಕರ್-ಬಿಳಿ ಹಚ್ಚಿ. ಅದೇ ಬಣ್ಣವನ್ನು ತುಂಬಾ ತೆಳು ಮಾಡಿ ಬೂಟಿನ ಅಂಚಿಗೆ, ಪ್ಯಾಂಟಿನ ಕೆಳಭಾಗಕ್ಕೆ ಸವರಿ.

ಆಮೇಲೆ ಎಲ್ಲದರ ಮೇಲೂ ಮ್ಯಾಟ್ ವಾರ್ನಿಷ್, ಅಂದರೆ ಹೊಳಪಿಲ್ಲದ್ದು. ಇಲ್ಲಿ ನನ್ನ ಅನುಭವ ಹೇಳಲೇಬೇಕು. ಒಂದು ಜುಲೈನಲ್ಲಿ, ಮಳೆ ನಿಂತ ಅರ್ಧ ಗಂಟೆಗೆ, ಮೂರು ವಾರ ಕೆಲಸ ಮಾಡಿದ ಮೂರ್ತಿಯನ್ನು ಮಹಡಿಗೆ ಒಯ್ದು ಸ್ಪ್ರೇ ವಾರ್ನಿಷ್ ಹೊಡೆದೆ. ಕಣ್ಣೆದುರೇ ಮುಖದ ಮೇಲೆ ಬಿಳಿ ಮಂಜು ಕವಿಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮ್ಯಾಟ್ ಸ್ಪ್ರೇ ಹೀಗೆ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ, ಕರಾವಳಿ ಮಲೆನಾಡಿನಲ್ಲಿ ವರ್ಷದ ಅರ್ಧ ಭಾಗ, ಸ್ಪ್ರೇ ಬಿಟ್ಟು ಬ್ರಷ್‌ನಿಂದ ಹಚ್ಚುವ ಅಕ್ರಿಲಿಕ್ ವಾರ್ನಿಷ್ ಬಳಸಿ. ಮಂಜು ಕವಿದೇಬಿಟ್ಟರೆ ಅಳಿಸಲು ಉಜ್ಜಬೇಡಿ. ಚೆನ್ನಾಗಿ ಒಣಗಿದ ದಿನ ಅದರ ಮೇಲೆ ಹೊಳಪಿನ ವಾರ್ನಿಷ್ ತೆಳುವಾಗಿ ಹಚ್ಚಿದರೆ ಹೆಚ್ಚಿನ ಸಲ ಮಂಜು ಕರಗಿ ಬಣ್ಣ ಮತ್ತೆ ಕಾಣುತ್ತದೆ. ನನ್ನದು ಹಾಗೇ ಉಳಿಯಿತು. ಅದು ಒಣಗಿದ ಮೇಲೆ ಮತ್ತೆ ಮ್ಯಾಟ್.

ಮ್ಯಾಟ್ ಹಚ್ಚಿದ ಮೇಲೆ ಬಟ್ಟೆ ಬಟ್ಟೆಯಂತೆ ಕಾಣುತ್ತದೆ, ಆದರೆ ಮುಖವೂ ಬಟ್ಟೆಯಂತೆ ಕಾಣುತ್ತದೆ. ಆದ್ದರಿಂದ ಕೊನೆಯದಾಗಿ ಹೊಳಪಿನ ವಾರ್ನಿಷ್ ಒಂದು ಹನಿ ತಗೊಳ್ಳಿ. ಎರಡು ಕಣ್ಣಿಗೆ ಒಂದೊಂದು ಚುಕ್ಕೆ, ಕೆಳತುಟಿಗೆ ಒಂದು ಎಳೆ. ಉಳಿದ ಹನಿಗೆ ಅರ್ಧದಷ್ಟು ಮ್ಯಾಟ್ ವಾರ್ನಿಷ್ ಬೆರೆಸಿ, 0 ಬ್ರಷ್‌ನಿಂದ ಮೂಗಿನ ಮೇಲೆ, ಕೆನ್ನೆಮೂಳೆಗಳ ಮೇಲೆ, ಪೇಟದ ಕೆಳಗಿನ ಹಣೆಯ ಮೇಲೆ ಸವರಿ. ಒಣಗಲು ಬಿಟ್ಟು, ಮೂರ್ತಿಯನ್ನು ಕಿಟಕಿಯ ಹತ್ತಿರ ಒಯ್ದು ನಿಧಾನಕ್ಕೆ ತಿರುಗಿಸಿ. ಕೆನ್ನೆಯ ಮೇಲೆ ಬೆಳಕು ಜಾರುವಾಗ ಆ ಎಣ್ಣೆ ಕಾಣುತ್ತದೆ.